ಹಕ್ಕು ಮತ್ತು ಸಮಾನತೆ: ನಮ್ಮ ಮನೆಯೊಳಗಿನ ಹಳೆಯ ಚರ್ಚೆ

ಹೋದ ವರ್ಷದ ಮಾತು. ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡ್ತಾ ಇದ್ದೆ. ಸಂವಿಧಾನದ ಸಮಾನತೆಯ ಹಕ್ಕಿನ ಬಗ್ಗೆ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಫೆಮಿನಿಸಂ ಅಂದ್ರೆ ಹೆಂಗಸರು ಗಂಡಸರ ಹಾಗೆ ಆಗೋದಾ?" ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ ಹುಡುಗ, "ನಮ್ಮಲ್ಲಿ ಹೆಂಗಸರಿಗೆ ಎಲ್ಲ ಹಕ್ಕೂ ಆಗಲೇ ಕೊಟ್ಟಾಗಿದೆ, ಮತ್ತೆ ಫೆಮಿನಿಸಂ ಯಾಕೆ ಅಂತಾರೆ ನಮ್ಮ ಅಬ್ಬಾ" ಅಂದ. ತರಗತಿ ಎರಡು ಪಕ್ಷವಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು "ಫೆಮಿನಿಸಂ ಅಂದ್ರೆ ಸಮಾನತೆ" ಅಂತ ಒಂದು ವಾಕ್ಯ ಹೇಳಿ ಹೊರಗೆ ಬಂದೆ.

ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಯಾಕೆಂದರೆ ಆ ಹುಡುಗಿ ಕೇಳಿದ್ದು, ಆ ಹುಡುಗ ಹೇಳಿದ್ದು, ಎರಡೂ ಹೊಸದಲ್ಲ. ಉರ್ದು ಪತ್ರಿಕೆಗಳಲ್ಲಿ, ಮನೆಯ ದಿವಾನಖಾನೆಗಳಲ್ಲಿ, ಜನಾನಾದೊಳಗೆ ಇದೇ ವಾದ ನೂರಿಪ್ಪತ್ತೈದು ವರ್ಷಗಳಿಂದ ನಡೆದು ಬಂದಿದೆ. ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲ. ಸ್ತ್ರೀವಾದ ಅಂದರೆ ಎಲ್ಲೋ ಯುರೋಪಿನಿಂದ ಬಂದದ್ದು, ನಮ್ಮ ಮನೆಗೆ ಸಂಬಂಧವಿಲ್ಲದ್ದು ಅಂತ ತಿಳಿದಿದ್ದಾರೆ. ಹಾಗಾಗಿ ಈ ಲೇಖನ.

ಎರಡು ಪದಗಳು

ಕನ್ನಡದಲ್ಲಿ ನಾವು ದಿನಾ ಬಳಸುವ 'ಹಕ್ಕು' ಎಂಬ ಪದ ಅರಬಿಯ 'ಹಖ್' ಎಂಬುದರಿಂದ ಬಂದದ್ದು. ಅದರ ಬಹುವಚನ 'ಹುಖೂಖ್'. ಅರಬಿ, ಉರ್ದುವಿನಲ್ಲಿ ಈ ಪದಕ್ಕೆ ಸತ್ಯ ಎಂಬ ಅರ್ಥವೂ ಇದೆ, ಸಲ್ಲಬೇಕಾದ ಪಾಲು ಎಂಬ ಅರ್ಥವೂ ಇದೆ. ಸಮಾನತೆಗೆ ಉರ್ದುವಿನಲ್ಲಿ 'ಮುಸಾವಾತ್' ಅನ್ನುತ್ತಾರೆ. ಸ್ತ್ರೀವಾದಕ್ಕೆ 'ತಾನೀಸಿಯತ್' ಎಂಬ ಪದ ಇದೆ. ಆದರೆ ಅದು ಈಚಿನದು, ವಿಮರ್ಶಕರ ಪುಸ್ತಕಗಳಲ್ಲಿ ಸಿಗುತ್ತದೆ, ಮನೆಯಲ್ಲಿ ಯಾರೂ ಆಡುವುದಿಲ್ಲ.

ಚರ್ಚೆ ನಿಂತಿರುವುದು ಮೊದಲ ಎರಡು ಪದಗಳ ಮೇಲೆ. ಒಂದು ಪಕ್ಷ ಹೇಳುತ್ತದೆ: ಹೆಣ್ಣಿಗೆ ಬೇಕಾದದ್ದು ಅವಳ ಹಖ್, ಅಂದರೆ ಮಹರ್, ಜೀವನಾಂಶ, ಆಸ್ತಿಯಲ್ಲಿ ಪಾಲು, ಗೌರವ. ಗಂಡಿನ ಪಾತ್ರ ಬೇರೆ, ಹೆಣ್ಣಿನ ಪಾತ್ರ ಬೇರೆ, ಅವರವರಿಗೆ ಸಲ್ಲಬೇಕಾದದ್ದು ಸಲ್ಲಿದರೆ ಅದೇ ಇನ್ಸಾಫ್. ಇನ್ನೊಂದು ಪಕ್ಷ ಕೇಳುತ್ತದೆ: ಸರಿ, ಆದರೆ ಯಾರಿಗೆ ಎಷ್ಟು ಸಲ್ಲಬೇಕು ಅಂತ ತೀರ್ಮಾನ ಮಾಡುವವರು ಯಾರು? ಆ ತೀರ್ಮಾನದ ಜಾಗದಲ್ಲಿ ಹೆಣ್ಣೂ ಕೂತಿದ್ದಾಳಾ? ಕೂತಿಲ್ಲ ಅಂದರೆ ಹಖ್ ಎಂಬುದು ಕೊಡುವವನ ಒಳ್ಳೆಯತನದ ಮೇಲೆ ನಿಂತ ಮಾತಾಗುತ್ತದೆ.

ಈ ಎರಡನೇ ಪ್ರಶ್ನೆ ಇಸ್ಲಾಮಿನ ಹೊರಗಿನಿಂದ ಬಂದದ್ದು ಅಂತ ಹೇಳುವವರು ಒಂದು ಪ್ರಸಂಗ ನೆನಪಿಡಬೇಕು. ಪ್ರವಾದಿಯವರ (ಸ) ಪತ್ನಿ ಉಮ್ಮು ಸಲಮಾ (ರ) ಒಮ್ಮೆ ಪ್ರವಾದಿಯವರನ್ನೇ (ಸ) ಕೇಳಿದರು: ಕುರ್‌ಆನಿನಲ್ಲಿ ಗಂಡಸರ ಉಲ್ಲೇಖ ಬರುತ್ತದೆ, ನಮ್ಮ ಉಲ್ಲೇಖ ಯಾಕೆ ಬರುವುದಿಲ್ಲ? ಅದರ ನಂತರ ಅವತೀರ್ಣವಾದದ್ದು ಅಲ್ ಅಹ್‌ಝಾಬ್ ಅಧ್ಯಾಯದ 35ನೇ ವಚನ ಎಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಅದರಲ್ಲಿ ವಿಶ್ವಾಸಿ ಪುರುಷರು ವಿಶ್ವಾಸಿ ಸ್ತ್ರೀಯರು, ಸತ್ಯವಂತ ಪುರುಷರು ಸತ್ಯವಂತ ಸ್ತ್ರೀಯರು ಎಂದು ಒಂದೊಂದು ಗುಣಕ್ಕೂ ಇಬ್ಬರನ್ನೂ ಹೆಸರಿಸಿ, ಇಬ್ಬರಿಗೂ ಒಂದೇ ಪ್ರತಿಫಲ ಹೇಳಿದೆ. ಕೇಳಿದ್ದು ಒಬ್ಬ ಹೆಣ್ಣು. ಕೇಳಿದ್ದಕ್ಕೆ ಅವರನ್ನು ಯಾರೂ ಗದರಿಸಲಿಲ್ಲ.

ದೇವಬಂದ್‌ನ ನಂಟಿನ ಇಬ್ಬರು

19ನೇ ಶತಮಾನದ ಕೊನೆಗೆ ಬರೋಣ. ಸೈಯದ್ ಮುಮ್ತಾಜ್ ಅಲಿ 1860ರಲ್ಲಿ ದೇವಬಂದ್‌ನಲ್ಲಿ ಹುಟ್ಟಿದವರು, ಅಲ್ಲಿನ ಉಲಮಾಗಳ ಹತ್ತಿರ ಓದಿದವರು. ಆಮೇಲೆ ಲಾಹೋರ್‌ಗೆ ಹೋಗಿ ಇಂಗ್ಲಿಷ್ ಕಲಿತರು, ಮುದ್ರಣಾಲಯ ನಡೆಸಿದರು. ಅವರು ಬರೆದ ಪುಸ್ತಕದ ಹೆಸರು 'ಹುಖೂಖೆ ನಿಸ್ವಾನ್', ಅಂದರೆ ಸ್ತ್ರೀಯರ ಹಕ್ಕುಗಳು. ಅದರ ಹಸ್ತಪ್ರತಿಯನ್ನು ಅಲೀಗಢಕ್ಕೆ ಹೋಗಿ ಸರ್ ಸೈಯದ್ ಅಹ್ಮದ್ ಖಾನ್ ಅವರಿಗೆ ತೋರಿಸಿದರು. ಸರ್ ಸೈಯದ್ ಅಂದರೆ ಆ ಕಾಲದ ದೊಡ್ಡ ಸುಧಾರಕರು. ಅವರೇ ಓದುತ್ತ ಓದುತ್ತ ಕೋಪಗೊಂಡು ಆ ಹಾಳೆಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿದರಂತೆ. ಮುಮ್ತಾಜ್ ಅಲಿ ಅವನ್ನು ಆರಿಸಿಕೊಂಡು ಬಂದು ಇಟ್ಟುಕೊಂಡರು. 1898ರಲ್ಲಿ ಸರ್ ಸೈಯದ್ ತೀರಿಕೊಂಡ ಮೇಲೆಯೇ ಪುಸ್ತಕ ಅಚ್ಚಾಯಿತು.

ಅಂಥದ್ದೇನಿತ್ತು ಅದರಲ್ಲಿ? ಗಂಡು ಶ್ರೇಷ್ಠ ಎನ್ನುವುದಕ್ಕೆ ಜನ ಕೊಡುವ ಕಾರಣಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರ ಕೊಟ್ಟಿದ್ದರು. ದೇಹಬಲ ಹೆಚ್ಚಿದ್ದರೆ ಶ್ರೇಷ್ಠ ಅನ್ನುವುದಾದರೆ ಭಾರ ಹೊರುವ ಪ್ರಾಣಿಗಳು ಮನುಷ್ಯನಿಗಿಂತ ಶ್ರೇಷ್ಠವಾಗಬೇಕು. ಬುದ್ಧಿ ಕಡಿಮೆ ಅನ್ನುವುದಾದರೆ, ಕಲಿಸದೆ ಬಿಟ್ಟು ಆಮೇಲೆ ಬುದ್ಧಿಯಿಲ್ಲ ಅನ್ನುವುದು ಯಾವ ನ್ಯಾಯ? ಕುರ್‌ಆನಿನ ವಚನಗಳಿಗೆ ಬಂದಾಗಲೂ ಅವರು ಹಿಂಜರಿಯಲಿಲ್ಲ. ವಚನ ಹೇಳುವುದು ಬೇರೆ, ಗಂಡಸರು ತಮಗೆ ಬೇಕಾದ ಹಾಗೆ ಬರೆದುಕೊಂಡ ವ್ಯಾಖ್ಯಾನ ಬೇರೆ ಎಂದು ವಾದಿಸಿದರು. ಪುಸ್ತಕದ ಹೆಸರಿನಲ್ಲಿ 'ಹಖ್' ಇದ್ದರೂ ಒಳಗೆ ಇದ್ದ ವಾದ 'ಮುಸಾವಾತ್'ನದೇ.

ಅದೇ ದೇವಬಂದ್‌ನಲ್ಲಿ ಓದಿದ ಇನ್ನೊಬ್ಬರು ಮೌಲಾನಾ ಅಶ್ರಫ್ ಅಲಿ ಥಾನವಿ (1863–1943). 20ನೇ ಶತಮಾನದ ಆರಂಭದಲ್ಲಿ ಬಂದ ಅವರ 'ಬಹಿಶ್ತೀ ಜೇವರ್' ಪುಸ್ತಕ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕುರ್‌ಆನಿನ ಪಕ್ಕದಲ್ಲಿ ಇರುತ್ತದೆ. ಮದುಮಗಳಿಗೆ ಕೊಟ್ಟು ಕಳಿಸುವ ಪದ್ಧತಿ ಈಗಲೂ ಇದೆ. ಇದನ್ನು ಹೆಣ್ಣನ್ನು ತುಳಿಯುವ ಪುಸ್ತಕ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಅದನ್ನು ತೆರೆದು ನೋಡಿರುವುದಿಲ್ಲ. ಅಕ್ಷರಮಾಲೆಯಿಂದ ಶುರುವಾಗಿ ಪತ್ರ ಬರೆಯುವುದು, ಲೆಕ್ಕ, ಔಷಧಿ, ನಮಾಜ್, ವ್ಯಾಪಾರದ ಮಸ್‌ಅಲಾಗಳವರೆಗೂ ಅದರಲ್ಲಿ ಇದೆ. ಹೆಣ್ಣಿಗೆ ಕಲಿಯುವ ಬುದ್ಧಿ ಗಂಡಿನಷ್ಟೇ ಇದೆ ಎಂಬುದು ಆ ಪುಸ್ತಕದ ತಳಪಾಯ. ಓದು ಬಾರದ ಹೆಣ್ಣಿಗೆ ತನ್ನ ದೀನ್ ಗೊತ್ತಾಗುವುದಿಲ್ಲ, ಸುಳ್ಳು ರಸ್ಮುಗಳಿಗೆ ಬಲಿಯಾಗುತ್ತಾಳೆ ಎಂಬುದು ಮೌಲಾನಾ ಅವರ ಚಿಂತೆ. ಆದರೆ ಅದೇ ಪುಸ್ತಕದಲ್ಲಿ ಗಂಡನ ಮಾತಿಗೆ ಎದುರಾಡದೆ ನಡೆಯಬೇಕು ಎಂಬ ಬೋಧನೆಯೂ ಇದೆ. ಬುದ್ಧಿಯಲ್ಲಿ ಸಮಾನ, ಮನೆಯ ಅಧಿಕಾರದಲ್ಲಿ ಅಲ್ಲ.

ಒಂದೇ ಕಡೆಯ ವಿದ್ಯೆ, ಒಂದೇ ಕಿತಾಬುಗಳು. ಆದರೂ ಎರಡು ಅಭಿಪ್ರಾಯ. ಹಾಗಾಗಿ "ಇಸ್ಲಾಂ ಹೀಗೆ ಹೇಳುತ್ತದೆ, ಸ್ತ್ರೀವಾದ ಹಾಗೆ ಹೇಳುತ್ತದೆ" ಅಂತ ಎರಡು ಗೋಡೆ ಕಟ್ಟಿ ನಿಲ್ಲಿಸುವುದು ಇತಿಹಾಸಕ್ಕೆ ಹೊಂದುವುದಿಲ್ಲ. ಚರ್ಚೆ ನಡೆದದ್ದು ಮನೆಯೊಳಗೆ.

ಹೆಂಗಸರೇ ಬರೆಯಲು ಕೂತಾಗ

ಇಲ್ಲಿಯವರೆಗೆ ಮಾತಾಡಿದವರು ಗಂಡಸರು. 1898ರ ಜುಲೈನಲ್ಲಿ ಲಾಹೋರ್‌ನಿಂದ 'ತಹ್‌ಜೀಬೆ ನಿಸ್ವಾನ್' ಎಂಬ ವಾರಪತ್ರಿಕೆ ಶುರುವಾಯಿತು. ಸಂಪಾದಕಿ ಮುಮ್ತಾಜ್ ಅಲಿಯವರ ಪತ್ನಿ ಮುಹಮ್ಮದೀ ಬೇಗಂ. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಪತ್ರಿಕೆಯನ್ನು ಮೊದಲು ಉಚಿತವಾಗಿ ಮನೆಮನೆಗೆ ಅಂಚೆಯಲ್ಲಿ ಕಳಿಸಿದರು. ಎಷ್ಟೋ ಪ್ರತಿಗಳು ಬೈಗುಳ ಬರೆಸಿಕೊಂಡು ವಾಪಸ್ ಬಂದವು. ಮುಹಮ್ಮದೀ ಬೇಗಂ 1908ರಲ್ಲಿ, ಮೂವತ್ತರ ವಯಸ್ಸಿನಲ್ಲೇ ತೀರಿಕೊಂಡರು. ಪತ್ರಿಕೆ ಮಾತ್ರ ಅವರ ನಂತರವೂ ದಶಕಗಳ ಕಾಲ ನಡೆಯಿತು. ಅಲೀಗಢದಿಂದ 'ಖಾತೂನ್' (1904), ದೆಹಲಿಯಿಂದ 'ಇಸ್ಮತ್' (1908) ಬಂದವು. ಹೈದರಾಬಾದಿನಲ್ಲಿ ಸುಗ್ರಾ ಹುಮಾಯೂನ್ ಮಿರ್ಜಾ 'ಅನ್ನಿಸಾ' ಪತ್ರಿಕೆ ನಡೆಸಿದರು, ಹೆಣ್ಣುಮಕ್ಕಳ ಶಾಲೆ ಕಟ್ಟಿದರು.

ಮುಂಬಯಿಯ ಓದುಗರಿಗೆ ಒಂದು ಹೆಸರು ಹೇಳಲೇಬೇಕು. ಅತಿಯಾ ಫೈಜೀ. 1906ರಲ್ಲಿ ಅವರು ಶಿಕ್ಷಕಿಯಾಗುವ ತರಬೇತಿಗೆ ಲಂಡನ್‌ಗೆ ಹೋದರು. ಅಲ್ಲಿಂದ ಬರೆದ ದಿನಚರಿ 'ತಹ್‌ಜೀಬೆ ನಿಸ್ವಾನ್'ನಲ್ಲಿ ಕಂತುಗಳಾಗಿ ಬಂತು. ಬಿ.ಎಡ್. ಮಾಡುವಾಗ ನಮಗೆ ಪಾಶ್ಚಾತ್ಯ ಶಿಕ್ಷಣತಜ್ಞರ ಹೆಸರುಗಳನ್ನು ಬಾಯಿಪಾಠ ಮಾಡಿಸಿದರು. ನೂರು ವರ್ಷದ ಹಿಂದೆ ಮುಂಬಯಿಯ ಒಬ್ಬ ಮುಸ್ಲಿಂ ಹೆಣ್ಣುಮಗಳು ಟೀಚರ್ ಟ್ರೇನಿಂಗ್‌ಗೆ ಸಮುದ್ರ ದಾಟಿದ್ದಳು ಅಂತ ಯಾರೂ ಹೇಳಲಿಲ್ಲ.

ಈ ಪತ್ರಿಕೆಗಳ ಹೆಂಗಸರೆಲ್ಲ ಒಂದೇ ಮಾತು ಆಡಿದರು ಅಂತ ತಿಳಿಯಬೇಡಿ. ಭೋಪಾಲದ ನವಾಬ್ ಸುಲ್ತಾನ್ ಜಹಾನ್ ಬೇಗಂ ರಾಜ್ಯ ಆಳಿದವರು, 1920ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದವರು. ಅಷ್ಟಾಗಿಯೂ ಪರ್ದಾ ಬೇಕು ಎಂದು ಪುಸ್ತಕ ಬರೆದರು. ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ತಾವೇ ಪರ್ದಾ ಬಿಟ್ಟರು. ಅವರ ಮುಂದಾಳುತನದಲ್ಲಿ 1914ರಲ್ಲಿ ಶುರುವಾದ ಮುಸ್ಲಿಂ ಮಹಿಳೆಯರ ಸಮ್ಮೇಳನ 1918ರಲ್ಲಿ ಲಾಹೋರ್‌ನಲ್ಲಿ ಸೇರಿದಾಗ ಬಹುಪತ್ನಿತ್ವದ ವಿರುದ್ಧ ಠರಾವು ಮಾಡಿತು. ಅದರ ಮೇಲೆ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಶಾಲೆಯ ವಿಷಯದಲ್ಲಿ ಬೆಂಬಲಿಸಿದ ಎಷ್ಟೋ ಗಂಡಸರು ಈ ವಿಷಯದಲ್ಲಿ ಸಿಟ್ಟಾದರು. ಓದುವುದು ಹಕ್ಕು ಅಂತ ಒಪ್ಪಿದವರು, ಓದಿದವಳು ತನ್ನ ಮದುವೆಯ ಬಗ್ಗೆ ಮಾತಾಡಿದಾಗ ಹಿಂದೆ ಸರಿದರು.

ರುಖಯ್ಯಾ ಅವರ ಬಸ್ಸು

ಬಂಗಾಳದ ರುಖಯ್ಯಾ ಸಖಾವತ್ ಹುಸೇನ್ (1880–1932) ಈ ಚರ್ಚೆಯಲ್ಲಿ ಎಲ್ಲರಿಗಿಂತ ನೇರವಾಗಿ ಮಾತಾಡಿದವರು. ಅವರ ತವರಿನಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್, ಬಂಗಾಳಿ ಓದಿಸುತ್ತಿರಲಿಲ್ಲ. ಅಣ್ಣ ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ಕಲಿಸಿದರು. 1905ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ಕಥೆ ಅಚ್ಚಾದದ್ದು ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜಿನ್'ನಲ್ಲಿ. ಆ ಕಥೆಯ ನಾಡಿನಲ್ಲಿ ಗಂಡಸರು ಮನೆಯೊಳಗೆ ಪರ್ದಾದಲ್ಲಿ ಇರುತ್ತಾರೆ, ಹೆಂಗಸರು ವಿಜ್ಞಾನದ ಬಲದಿಂದ ದೇಶ ನಡೆಸುತ್ತಾರೆ.

ಇದನ್ನು ಓದಿ "ನೋಡಿ, ಸ್ತ್ರೀವಾದ ಅಂದರೆ ಗಂಡಸರನ್ನು ಕೂಡಿ ಹಾಕುವುದು" ಅನ್ನುವವರು ಇದ್ದಾರೆ. ಅದು ತಮಾಷೆಯ ಕಥೆ. ಗಂಡಸರನ್ನು ಕೂಡಿ ಹಾಕಿದರೆ ನಿಮಗೆ ವಿಚಿತ್ರ ಅನಿಸುತ್ತದೆ, ನಮ್ಮನ್ನು ಕೂಡಿ ಹಾಕಿದರೆ ಯಾಕೆ ಅನಿಸುವುದಿಲ್ಲ ಎಂಬುದು ಅದರ ಪ್ರಶ್ನೆ. ರುಖಯ್ಯಾ ಅವರ ನಿಜವಾದ ನಿಲುವು ತಿಳಿಯಲು ಅವರ ಬಂಗಾಳಿ ಪ್ರಬಂಧಗಳನ್ನು ನೋಡಬೇಕು. ಅಲ್ಲಿ ಅವರು ಗಾಡಿಯ ಹೋಲಿಕೆ ಕೊಡುತ್ತಾರೆ: ಒಂದು ಚಕ್ರ ದೊಡ್ಡದು ಒಂದು ಚಿಕ್ಕದು ಇದ್ದರೆ ಗಾಡಿ ಮುಂದೆ ಹೋಗುವುದಿಲ್ಲ, ಇದ್ದಲ್ಲೇ ಸುತ್ತುತ್ತದೆ. ಅಂದರೆ ಚಿಕ್ಕ ಚಕ್ರಕ್ಕೆ ಮಾತ್ರ ನಷ್ಟ ಅಲ್ಲ, ಇಡೀ ಗಾಡಿಗೆ ನಷ್ಟ.

ಗಂಡ ತೀರಿಕೊಂಡ ಮೇಲೆ 1909ರಲ್ಲಿ ಭಾಗಲ್ಪುರದಲ್ಲಿ ಐದು ಹುಡುಗಿಯರಿಂದ ಶಾಲೆ ಶುರು ಮಾಡಿದರು. ಮನೆಯವರ ಜಗಳದಿಂದ ಊರು ಬಿಡಬೇಕಾಯಿತು. 1911ರಲ್ಲಿ ಕಲ್ಕತ್ತದಲ್ಲಿ ಎಂಟು ಹುಡುಗಿಯರಿಂದ ಮತ್ತೆ ಶುರು ಮಾಡಿದರು. ಆ ಶಾಲೆಯ ಬಸ್ಸಿನ ಕಥೆಯನ್ನು ಅವರೇ ಬರೆದಿದ್ದಾರೆ. ಪರ್ದಾ ಕೆಡಬಾರದು ಅಂತ ಬಸ್ಸನ್ನು ಗಾಳಿಯಾಡದ ಹಾಗೆ ಮುಚ್ಚಿಸಿದ್ದರು. ಒಳಗೆ ಕತ್ತಲೆ, ಸೆಕೆ. ಮಕ್ಕಳು ವಾಂತಿ ಮಾಡಿಕೊಂಡರು, ಮೂರ್ಛೆ ಹೋದರು. ತಾಯಂದಿರು ದೂರು ಹೇಳಿದರು. ಮುಚ್ಚಿದ್ದನ್ನು ತೆಗೆಸಿ ಬಟ್ಟೆಯ ಪರದೆ ಹಾಕಿಸಿದರು. ಗಾಳಿಗೆ ಪರದೆ ಹಾರಿತು. ಈಗ ಬೇರೆ ಕಾಗದಗಳು ಬಂದವು: ಬೇಪರ್ದಾ ಬಸ್ಸು, ಸರಿ ಮಾಡದಿದ್ದರೆ ಉರ್ದು ಪತ್ರಿಕೆಗಳಲ್ಲಿ ಬರೆದು ಮಾನ ಕಳೆಯುತ್ತೇವೆ ಅಂತ.

ನಾನು ಈ ಪ್ರಸಂಗವನ್ನು ಮೊದಲ ಸಲ ಓದಿದಾಗ ನಗು ಬಂತು, ಆಮೇಲೆ ನಗು ನಿಂತಿತು. ರುಖಯ್ಯಾ ಪರ್ದಾವನ್ನೇ ಕಿತ್ತು ಹಾಕಿ ಅನ್ನಲಿಲ್ಲ. ಬುರ್ಖಾ ಹಾಕಿಕೊಂಡೇ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತಂದವರು ಅವರು. ಉಸಿರುಗಟ್ಟಿಸುವ ಬಂಧನ ಬೇರೆ, ಹೆಣ್ಣು ತಾನಾಗಿ ಪಾಲಿಸುವ ಮರ್ಯಾದೆ ಬೇರೆ ಅನ್ನುವುದು ಅವರ ಮಾತು. ಬಸ್ಸಿಗೆ ಪರದೆ ಇರಬೇಕಾ ಬೇಡವಾ ಅಂತ ಊರಿನವರೆಲ್ಲ ಮಾತಾಡಿದರು, ಒಳಗೆ ಕೂತ ಮಗುವಿಗೆ ಉಸಿರಾಡಲು ಆಗುತ್ತಿದೆಯಾ ಅಂತ ಕೇಳಿದವರು ಕಡಿಮೆ.

2022ರಲ್ಲಿ ಕರ್ನಾಟಕದಲ್ಲಿ ಹಿಜಾಬಿನ ವಿವಾದ ನಡೆದಾಗ ನನಗೆ ಈ ಬಸ್ಸೇ ನೆನಪಾಗುತ್ತಿತ್ತು. ಹಾಕಲೇಬೇಕು ಅನ್ನುವವರು ಒಂದು ಕಡೆ, ತೆಗೆಯಲೇಬೇಕು ಅನ್ನುವವರು ಒಂದು ಕಡೆ. ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರಿನಲ್ಲಿ ಎರಡು ಭಿನ್ನ ತೀರ್ಪು ಕೊಟ್ಟರು. ಈ ನಡುವೆ ಗೇಟಿನ ಹೊರಗೆ ನಿಂತವರು, ಪರೀಕ್ಷೆ ತಪ್ಪಿಸಿಕೊಂಡವರು ಹುಡುಗಿಯರೇ.

ಕಾನೂನಿನ ದಾರಿ

ಹಕ್ಕು ಕಾಗದದ ಮೇಲೆ ಇದ್ದು ಕೈಗೆ ಸಿಗದಿರುವುದು ಹೇಗೆ ಅಂತ ತಿಳಿಯಲು 1930ರ ದಶಕ ನೋಡಬೇಕು. ಶರೀಅತ್ ಪ್ರಕಾರ ಮಗಳಿಗೆ ಆಸ್ತಿಯಲ್ಲಿ ಪಾಲು ಇದೆ. ಆದರೆ ಪಂಜಾಬ್ ಮೊದಲಾದ ಕಡೆ ಮುಸ್ಲಿಮರು ಊರಿನ ರಿವಾಜು ಹೇಳಿ ಪಾಲು ಕೊಡುತ್ತಿರಲಿಲ್ಲ, ನ್ಯಾಯಾಲಯಗಳೂ ಅದನ್ನೇ ಒಪ್ಪುತ್ತಿದ್ದವು. 1937ರ ಶರೀಅತ್ ಕಾಯ್ದೆ ಈ ರಿವಾಜನ್ನು ತೆಗೆಯಲು ಬಂತು. ಮುಸ್ಲಿಂ ಮಹಿಳಾ ಸಂಘಟನೆಗಳು ರಿವಾಜಿನ ಕಾನೂನನ್ನು ಖಂಡಿಸಿವೆ ಎಂದು ಆ ಮಸೂದೆಯ ಉದ್ದೇಶ ವಿವರಣೆಯಲ್ಲೇ ಬರೆದಿದೆ. ಆದರೆ ಕಾಯ್ದೆ ಹೊರಬಂದಾಗ ಅದರಲ್ಲಿ ಕೃಷಿ ಭೂಮಿಯನ್ನು ಬಿಟ್ಟಿದ್ದರು. ಆ ಕಾಲದಲ್ಲಿ ಹಳ್ಳಿಯ ಜನಕ್ಕೆ ಆಸ್ತಿ ಅಂದರೆ ಹೊಲವೇ ಅಲ್ಲವೇ?

ಎರಡನೆಯದು ಇನ್ನೂ ನೋವಿನ ಕಥೆ. ಗಂಡ ಬಿಟ್ಟು ಹೋಗಿದ್ದಾನೆ, ಅನ್ನ ಹಾಕುವುದಿಲ್ಲ, ತಲಾಖೂ ಕೊಡುವುದಿಲ್ಲ. ಇಲ್ಲಿ ಪಾಲಿಸುತ್ತಿದ್ದ ಹನಫೀ ಫಿಖ್ಹ್ ಪ್ರಕಾರ ಅಂಥ ಹೆಣ್ಣಿಗೆ ಮದುವೆಯಿಂದ ಬಿಡುಗಡೆ ಪಡೆಯುವುದು ಬಹಳ ಕಷ್ಟವಿತ್ತು. ಬೇರೆ ದಾರಿ ಕಾಣದೆ ಕೆಲವು ಹೆಂಗಸರು ಧರ್ಮ ಬಿಟ್ಟೆವು ಅಂತ ಘೋಷಿಸಿ ಮದುವೆ ರದ್ದು ಮಾಡಿಸಿಕೊಳ್ಳತೊಡಗಿದರು. ಉಲಮಾಗಳಿಗೆ ಇದು ದೊಡ್ಡ ಪೆಟ್ಟು. ಆಗ ಮೌಲಾನಾ ಥಾನವಿಯವರೇ, ಹೌದು, ಅದೇ 'ಬಹಿಶ್ತೀ ಜೇವರ್' ಬರೆದವರೇ, ಮಾಲಿಕೀ ಮಜ್‌ಹಬ್‌ನ ಅಭಿಪ್ರಾಯಗಳನ್ನು ಆಧರಿಸಿ ಹೆಣ್ಣಿಗೆ ಬಿಡುಗಡೆಯ ದಾರಿ ತೋರಿಸುವ ಗ್ರಂಥ ಬರೆದರು. 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಹೆಣ್ಣು ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಇದರಿಂದ ಎರಡು ಪಾಠ ಕಲಿಯಬಹುದು. ಒಂದು, ಸಂಪ್ರದಾಯದ ಒಳಗಿನಿಂದಲೂ ದಾರಿ ಹುಡುಕಬಹುದು, ಹುಡುಕಿದ್ದಾರೆ. ಎರಡು, ಆ ದಾರಿ ತಾನಾಗಿ ತೆರೆಯಲಿಲ್ಲ. ಹೆಂಗಸರು ಬಾಗಿಲು ದಾಟಿ ಹೊರಟು ನಿಂತ ಮೇಲೆ ತೆರೆಯಿತು.

'ಮ್ಯಾನ್' ಅಂದರೆ ಯಾರು?

1932ರ ಡಿಸೆಂಬರ್ 9ರಂದು ರುಖಯ್ಯಾ ತೀರಿಕೊಂಡರು. ಅದೇ ತಿಂಗಳು ಲಖ್ನೋದಲ್ಲಿ 'ಅಂಗಾರೇ' ಎಂಬ ಉರ್ದು ಕಥಾಸಂಕಲನ ಹೊರಬಂತು. ನಾಲ್ವರು ಲೇಖಕರಲ್ಲಿ ಒಬ್ಬರೇ ಮಹಿಳೆ, ಡಾಕ್ಟರ್ ರಶೀದ್ ಜಹಾನ್. ಅಲೀಗಢದಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿ 'ಖಾತೂನ್' ಪತ್ರಿಕೆ ನಡೆಸಿದ ಶೇಖ್ ಅಬ್ದುಲ್ಲಾ ಮತ್ತು ವಹೀದ್ ಜಹಾನ್ ದಂಪತಿಯ ಮಗಳು, ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಕೀಯ ಓದಿದವರು. ಅವರ ಒಂದು ಕಥೆಯಲ್ಲಿ ಬುರ್ಖಾ ತೊಟ್ಟ ಹೆಂಡತಿಯನ್ನು ರೈಲು ನಿಲ್ದಾಣದಲ್ಲಿ ಸಾಮಾನಿನ ಮೇಲೆ ಕೂರಿಸಿ ಗಂಡ ತಿರುಗಾಡಲು ಹೋಗುತ್ತಾನೆ. ಅವಳು ನೋಡಿದ ದೆಹಲಿ ಅಷ್ಟೇ. ಪುಸ್ತಕದ ವಿರುದ್ಧ ಫತ್ವಾ, ಸಭೆಗಳು ನಡೆದವು. 1933ರ ಮಾರ್ಚ್‌ನಲ್ಲಿ ಸಂಯುಕ್ತ ಪ್ರಾಂತ್ಯದ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ತಂದೆತಾಯಿಯ ತಲೆಮಾರು "ಹೆಣ್ಣುಮಕ್ಕಳಿಗೆ ಓದಿಸಿ" ಅಂದಿತು. ಮಗಳು ಓದಿ, ರೋಗಿಗಳಾಗಿ ಬಂದ ಹೆಂಗಸರ ದೇಹದ ಮೇಲೆ ಸತತ ಹೆರಿಗೆ ಏನು ಮಾಡಿದೆ ಅಂತ ಕಂಡದ್ದನ್ನು ಬರೆದಳು. ರಶೀದ್ ಜಹಾನ್‌ಗೆ ಧರ್ಮಗ್ರಂಥದಿಂದ ವಾದ ಹೂಡುವುದರಲ್ಲಿ ಆಸಕ್ತಿ ಇರಲಿಲ್ಲ. ಅವರು ಎಡಪಂಥೀಯರು. ಹೊಟ್ಟೆ, ಕಾಯಿಲೆ, ದುಡಿಮೆ, ಇವುಗಳ ಭಾಷೆಯಲ್ಲಿ ಸಮಾನತೆ ಕೇಳಿದರು. ಇದು ಮೂರನೇ ದಾರಿ.

ಸ್ವಾತಂತ್ರ್ಯ ಬಂದಾಗ ಸಂವಿಧಾನ ಸಭೆಯಲ್ಲಿ ಇದ್ದ ಒಬ್ಬರೇ ಮುಸ್ಲಿಂ ಮಹಿಳೆ ಬೇಗಂ ಖುದ್ಸಿಯಾ ಐಜಾಜ್ ರಸೂಲ್. ಅದೇ ಸಭೆಯ ಸದಸ್ಯೆ ಹಂಸಾ ಮೆಹ್ತಾ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲೂ ಇದ್ದರು. ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಎಲ್ಲ 'ಮೆನ್' ಸಮಾನರು ಎಂಬ ಅರ್ಥದ ಮಾತಿತ್ತು. ಆ ಪದ ಬೇಡ, 'ಹ್ಯೂಮನ್ ಬೀಯಿಂಗ್ಸ್' ಅಂತ ಇರಲಿ ಎಂದು ಹಂಸಾ ಮೆಹ್ತಾ ಪಟ್ಟು ಹಿಡಿದರು. 'ಮೆನ್' ಅಂದರೆ ಎಲ್ಲರೂ ಸೇರಿದರು ಅಂತ ಬೇರೆಯವರು ಸಮಾಧಾನ ಹೇಳಿದರು. ಕೆಲವು ದೇಶಗಳು ಅದನ್ನು ಗಂಡಸರು ಅಂತಲೇ ಓದಿಕೊಂಡಾವು ಅನ್ನುವುದು ಅವರ ವಾದ. 1948ರ ಡಿಸೆಂಬರ್ 10ರಂದು ಘೋಷಣೆ ಅಂಗೀಕಾರವಾದಾಗ ಮೊದಲನೇ ವಿಧಿಯಲ್ಲಿ ಅವರು ಹೇಳಿದ ಪದವೇ ಇತ್ತು. ಹದಿಮೂರು ಶತಮಾನದ ಹಿಂದೆ ಉಮ್ಮು ಸಲಮಾ (ರ) ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ: ನಮ್ಮ ಹೆಸರು ಯಾಕಿಲ್ಲ?

ಶಾ ಬಾನೋ ನಂತರ

ಆಮೇಲಿನ ಕಥೆ ನಮಗೆ ಹತ್ತಿರದ್ದು. ಇಂದೋರಿನ ಶಾ ಬಾನೋ ಅವರಿಗೆ ಹೈಕೋರ್ಟು ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಗೊತ್ತು ಮಾಡಿತ್ತು. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದೇಶವೆಲ್ಲ ಎದ್ದು ನಿಂತಿತು. 1986ರಲ್ಲಿ ಸರ್ಕಾರ ಹೊಸ ಕಾಯ್ದೆ ತಂದು ಇದ್ದತ್ ಅವಧಿಯ ನಂತರದ ಹೊಣೆಯನ್ನು ಗಂಡನ ಮೇಲಿಂದ ಇಳಿಸಲು ನೋಡಿತು. 2001ರ ಡ್ಯಾನಿಯಲ್ ಲತೀಫಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದೇ ಕಾಯ್ದೆಯನ್ನು, ಹೆಂಡತಿಯ ಮುಂದಿನ ಬದುಕಿಗೂ ಆಗುವಷ್ಟು ಏರ್ಪಾಡನ್ನು ಗಂಡ ಇದ್ದತ್ ಒಳಗೆ ಮಾಡಬೇಕು ಎಂದು ಓದಿತು. 2017ರ ಆಗಸ್ಟ್ 22ರಂದು ಒಂದೇ ಉಸಿರಿನ ಮೂರು ತಲಾಖ್ ರದ್ದಾಯಿತು. 2019ರಲ್ಲಿ ಅದು ಮೂರು ವರ್ಷದವರೆಗೆ ಜೈಲಿನ ಅಪರಾಧವಾಯಿತು.

ಈ ಕೊನೆಯ ಕಾಯ್ದೆಯ ಬಗ್ಗೆ ಮುಸ್ಲಿಂ ಮಹಿಳೆಯರಲ್ಲೇ ಒಮ್ಮತ ಇಲ್ಲ. ಶಿಕ್ಷೆಯ ಭಯ ಇಲ್ಲದಿದ್ದರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ ಅಂತ ಕೆಲವರು ಹೇಳಿದರು. ಗಂಡನನ್ನು ಜೈಲಿಗೆ ಹಾಕಿದರೆ ಜೀವನಾಂಶ ಕೊಡುವವರು ಯಾರು, ಬೇರೆ ಧರ್ಮದ ಗಂಡ ಹೆಂಡತಿಯನ್ನು ಬಿಟ್ಟು ಹೋದರೆ ಅದು ಅಪರಾಧ ಅಲ್ಲವಾದರೆ ಇದು ಸಮಾನತೆ ಹೇಗೆ ಅಂತ ಇನ್ನು ಕೆಲವರು ಕೇಳಿದರು. ಎರಡೂ ಕಡೆಯವರು ಸಮಾನತೆಯ ಹೆಸರಿನಲ್ಲೇ ಮಾತಾಡಿದರು. ನಮ್ಮ ಹುಡುಗಿಯರು ಎರಡನ್ನೂ ಕೇಳಿಸಿಕೊಳ್ಳಬೇಕು. ಸಮುದಾಯದ ಗಂಡಸರ ಜೊತೆ ಸಮಾನತೆ ಒಂದು, ದೇಶದ ಉಳಿದ ನಾಗರಿಕರ ಜೊತೆ ಸಮಾನತೆ ಇನ್ನೊಂದು. ಮುಸ್ಲಿಂ ಹೆಣ್ಣಿಗೆ ಎರಡೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡು ಅಂತ ಅವಳಿಗೆ ಎರಡೂ ಕಡೆಯಿಂದ ಹೇಳುತ್ತಾ ಬಂದಿದ್ದಾರೆ.

ಕನ್ನಡದಲ್ಲಿ ಈ ನೋವನ್ನು ಮೊದಲು ಜೋರಾಗಿ ಹೇಳಿದವರು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936–2023). ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಶಾ ಬಾನೋ ತೀರ್ಪಿಗೆ ನಾಲ್ಕು ವರ್ಷ ಮೊದಲು. ಅದರ ನಾದಿರಾಳಿಗೆ ಯಾವ ತೀರ್ಮಾನದಲ್ಲೂ ಮಾತಿಲ್ಲ: ಮದುವೆಯಲ್ಲೂ ಇಲ್ಲ, ತಲಾಖ್‌ನಲ್ಲೂ ಇಲ್ಲ. ಹಾಸನದ ಬಾನು ಮುಷ್ತಾಕ್ ವಕೀಲರೂ ಹೌದು, ಬಂಡಾಯದ ಲೇಖಕಿಯೂ ಹೌದು. ಮಸೀದಿಗೆ ಹೋಗುವ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಮಾತಾಡಿ ಬಹಿಷ್ಕಾರ ಅನುಭವಿಸಿದವರು. 2025ರಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್' ಇಂಟರ್‌ನ್ಯಾಷನಲ್ ಬೂಕರ್ ಪಡೆದಾಗ ನಾವೆಲ್ಲ ಮಿಠಾಯಿ ಹಂಚಿದೆವು. ಮಿಠಾಯಿ ಹಂಚಿದವರು ಕಥೆಗಳನ್ನೂ ಓದಬೇಕು.

ಹುಡುಗಿಗೆ ಕೊಡಬೇಕಾಗಿದ್ದ ಉತ್ತರ

2009ರಲ್ಲಿ ಕ್ವಾಲಾಲಂಪುರದಲ್ಲಿ ಹಲವು ದೇಶಗಳ ಮುಸ್ಲಿಂ ಮಹಿಳೆಯರು ಸೇರಿ ಒಂದು ಸಂಘಟನೆ ಕಟ್ಟಿದರು. ಕುಟುಂಬದಲ್ಲಿ ಸಮಾನತೆ ಮತ್ತು ನ್ಯಾಯ ಅದರ ಗುರಿ. ಹೆಸರು 'ಮುಸಾವಾ', ಸಮಾನತೆ ಎಂಬುದಕ್ಕೆ ಅರಬಿ ಪದ. ಫೆಮಿನಿಸ್ಟ್ ಎಂಬ ಹಣೆಪಟ್ಟಿ ಬೇಡ ಅನ್ನುವ ಎಷ್ಟೋ ಮುಸ್ಲಿಂ ಹೆಂಗಸರೂ ಇದ್ದಾರೆ, ನನ್ನ ಅಮ್ಮಿ ಸೇರಿ. ಅವರನ್ನು ಹಿಂದುಳಿದವರು ಅನ್ನಲು ನಾನು ಸಿದ್ಧಳಿಲ್ಲ. ಹೆಸರು ಏನಾದರೂ ಇರಲಿ, ಪರೀಕ್ಷೆ ಒಂದೇ.

ಆ ಪರೀಕ್ಷೆಯನ್ನು ನಾನು ಕಲಿತದ್ದು ನನ್ನ ನಾನಿಯಿಂದ. ಅವರ ಅಬ್ಬಾ ತೀರಿಕೊಂಡಾಗ ಮನೆ, ಎರಡು ಅಂಗಡಿ ಇದ್ದವು. ಶರೀಅತ್ ಪ್ರಕಾರ ನಾನಿಗೆ ಪಾಲು ಇತ್ತು. ಅಣ್ಣತಮ್ಮಂದಿರು ಒಳ್ಳೆಯವರೇ. ಕಾಗದ ತಂದು ಮುಂದಿಟ್ಟರು, "ಆಪಾ, ನಿಮಗೆ ಏನು ಕಡಿಮೆ?" ಅಂದರು. ನಾನಿ ಹೆಬ್ಬೆಟ್ಟು ಒತ್ತಿದರು. ಯಾಕೆ ಅಂತ ನಾನು ದೊಡ್ಡವಳಾದ ಮೇಲೆ ಕೇಳಿದೆ. "ಪಾಲು ತಗೊಂಡರೆ ಈದ್‌ಗೆ ಯಾರ ಮನೆಗೆ ಹೋಗಲಿ ಬೇಟಿ?" ಅಂದರು. ಕುರ್‌ಆನ್ ಕೊಟ್ಟ ಹಕ್ಕು ಅವರಿಗಿತ್ತು, ಯಾರೂ ಇಲ್ಲ ಅನ್ನಲಿಲ್ಲ. ಆದರೆ ಅದನ್ನು ಕೇಳಿ ಪಡೆದೂ ಮಗಳಾಗಿ, ಅಕ್ಕನಾಗಿ ಉಳಿಯುವ ಜಾಗ ಇರಲಿಲ್ಲ. ಅಣ್ಣತಮ್ಮಂದಿರು ತಮ್ಮ ಪಾಲು ತೆಗೆದುಕೊಂಡಾಗ ಅವರ ಈದ್ ಯಾರೂ ಕಸಿಯಲಿಲ್ಲ. ಹಖ್ ಇದೆ, ಮುಸಾವಾತ್ ಇಲ್ಲ ಅಂದರೆ ಹೀಗೆ.

ಹಾಗಾಗಿ ಆ ಹುಡುಗನ ಅಬ್ಬಾ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು. ಹಕ್ಕು ಕೊಟ್ಟಾಗಿದೆ, ಸರಿ. ಅದು ಅವಳ ಕೈಗೆ ಬಂತಾ, ಬರದಿದ್ದರೆ ಕೇಳುವ ಧೈರ್ಯ ಅವಳಿಗೆ ಇದೆಯಾ, ಕೇಳಿದ ಮೇಲೂ ಅವಳ ಮಾನ ಉಳಿಯುತ್ತದಾ? ಆ ಹುಡುಗಿಗೆ ಹೇಳಬೇಕಾದದ್ದು: ಇಲ್ಲಮ್ಮಾ, ಗಂಡಸರ ಹಾಗೆ ಆಗುವುದಲ್ಲ. ನಿನ್ನ ಬಗ್ಗೆ ತೀರ್ಮಾನ ಆಗುವಾಗ ನೀನೂ ಅಲ್ಲಿ ಕೂತಿರುವುದು. ಮುಮ್ತಾಜ್ ಅಲಿ ಇದನ್ನು ಹಖ್ ಅಂದರು, ರುಖಯ್ಯಾ ಗಾಡಿಯ ಎರಡು ಚಕ್ರ ಅಂದರು, ಸಂವಿಧಾನ ಸಮಾನತೆ ಅಂದಿತು, ಕೆಲವರು ಫೆಮಿನಿಸಂ ಅನ್ನುತ್ತಾರೆ. ನಿನಗೆ ಹಿತವಾದ ಹೆಸರಿನಿಂದ ಕರೆ.

ಈ ವರ್ಷ ಆ ಪಾಠ ಬಂದಾಗ ಗಂಟೆ ಹೊಡೆಯುವ ಮುಂಚೆಯೇ ಇದನ್ನು ಹೇಳಬೇಕು ಅಂತ ಇದ್ದೇನೆ. ಇನ್‌ಶಾ ಅಲ್ಲಾಹ್, ಆ ಹುಡುಗಿಯನ್ನೂ ಕರೆದು ಕೂರಿಸಿಕೊಳ್ಳುತ್ತೇನೆ. ಅವಳು ಈಗ ಪಿಯುಸಿಗೆ ಸೇರಿದ್ದಾಳೆ. ಸೇರಿಸುವುದೋ ಬೇಡವೋ ಅಂತ ಮನೆಯಲ್ಲಿ ಎರಡು ತಿಂಗಳು ಮಾತುಕತೆ ನಡೆಯಿತಂತೆ. ಕೊನೆಗೆ ಅವಳನ್ನೂ ಕೂರಿಸಿ ಕೇಳಿದರಂತೆ.